ಸಾಕು ಅಂದವನ ಚೈನೀಸ್ ಊಟ

ನನಗೆ ಹಸಿವಾದಾಗ 'ಬೇಕು' ಅನ್ನಲು ಬರುವುದಿಲ್ಲ. ಇದು ಸಂಕೋಚವಲ್ಲ, ಸಂಸ್ಕಾರ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ನಮ್ಮ ಕಡೆ ಉಣ್ಣಲು ಕೂತವನು ಒಲ್ಲೆ ಒಲ್ಲೆ ಅನ್ನಬೇಕು, ತಾಟಿನ ಮೇಲೆ ಎರಡೂ ಅಂಗೈ ಅಡ್ಡ ಹಿಡಿಯಬೇಕು. ಬಡಿಸುವವರು ಆಣೆ ಹಾಕಿ, ಬೆರಳ ಸಂದಿಯಿಂದಲೇ ತುಪ್ಪ ಸುರಿಯಬೇಕು. ಕುಲಗೋಡದ ನಮ್ಮ ಸೋದರತ್ತೆಯಂತೂ 'ನನ್ನ ಮ್ಯಾಲ ಸಿಟ್ಟೈತೇನ ನಿನಗ?' ಎಂದು ಕಣ್ಣಲ್ಲಿ ನೀರು ತಂದು ಹೋಳಿಗೆ ಹಾಕುತ್ತಾಳೆ. ಒಂದೇ ಮಾತಿಗೆ 'ಹಾಕು' ಅಂದವನನ್ನು ಹೊಟ್ಟೆಬಾಕ ಎಂದು ಊರೆಲ್ಲ ಸಾರುತ್ತಾಳೆ.

ಹೀಗಿದ್ದ ನಾನು ಹೋದ ತಿಂಗಳು ಮಗಳು ಅಶ್ವಿನಿಯ ಸಂಬಂಧದ ಮಾತಿಗೆಂದು ಬೆಳಗಾವಿಯ ದೊಡ್ಡ ಚೈನೀಸ್ ಹೋಟೆಲಿಗೆ ಹೋಗಬೇಕಾಯಿತು. ಹುಡುಗನ ಮನೆಯವರು ಅದೇ ಊರಿನವರು. 'ಮನ್ಯಾಗ ಯಾಕ ತ್ರಾಸ, ಹೊರಗ ಉಂಡು ಮಾತಾಡೂಣ್ರಿ' ಅಂದರು. ಚೈನೀಸ್ ಎಂದರೆ ನನಗೆ ಗೊತ್ತಿದ್ದದ್ದು ಗೋಕಾಕ ಬಸ್‌ಸ್ಟ್ಯಾಂಡಿನ ಗಾಡಿಯ ಗೋಬಿ ಮಂಚೂರಿ. ಅಲ್ಲಿ ಬಾಣಲೆ ಬಡಿಯುವ ಸದ್ದಿಗೇ ಅರ್ಧ ಹೊಟ್ಟೆ ತುಂಬುತ್ತದೆ. ಇಲ್ಲಿ ಸದ್ದೇ ಇಲ್ಲ. ಮಂದ ಬೆಳಕು, ಬಿಳಿ ಬಟ್ಟೆ ಹಾಸಿದ ಮೇಜು, ಪರಾತದಷ್ಟು ದೊಡ್ಡ ತಟ್ಟೆಯ ನಡುವೆ ಲಿಂಬೆಹಣ್ಣಿನಷ್ಟು ತಿನಿಸು. ಎಲ್ಲಿ ಕೈ ಇಡಬೇಕೋ ತಿಳಿಯದೆ ನಾನು ಕರವಸ್ತ್ರ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಮೇಜಿನ ಕೆಳಗೆ ಕಾಲು ತಾನಾಗಿಯೇ ಕುಣಿಯುತ್ತಿತ್ತು. 'ಕಾಲ ಹಿಡೀರಿ, ಟೇಬಲ್ ಅಳ್ಳಾಡಾಕತ್ತೈತಿ' ಎಂದು ಹೆಂಡತಿ ಪಿಸುಗುಟ್ಟಿದಳು.

ಆಗ ಬಂತು ಬಿದಿರಿನ ಬುಟ್ಟಿ. ಒಳಗೆ ಹಬೆಯಾಡುವ ಕಡುಬುಗಳು. ಹೊರಗಿನ ಹಿಟ್ಟು ಎಷ್ಟು ತೆಳ್ಳಗೆಂದರೆ ಒಳಗಿನ ಅಣಬೆ, ಗಜ್ಜರಿ ಕಾಣುತ್ತಿದ್ದವು. ಒಂದು ಬಾಯಿಗೆ ಹೋದದ್ದೇ ಜೀವಕ್ಕೆ ಹಾಯೆನಿಸಿತು. ವೇಟರ್ ಬಗ್ಗಿ, 'ಇನ್ನೊಂದ ಹಾಕ್ಲೇನ್ರಿ ಸರ್?' ಅಂದ. 'ಸಾಕ್ರಿ, ಸಾಕು' ಎಂದು ಅಂಗೈ ಅಡ್ಡ ಹಿಡಿದು ಅವನ ಒತ್ತಾಯಕ್ಕೆ ಕಾದೆ. ಆ ಪುಣ್ಯಾತ್ಮ 'ಓಕೆ ಸರ್' ಎಂದು ಹುಡುಗನ ಕಡೆ ನಡೆದ. ಹುಡುಗ ಒಂದೇ ಮಾತಿಗೆ, 'ಹಾಕ್ರಿ, ಎರಡು ಹಾಕ್ರಿ, ಭಾಳ ಚಲೋ ಅದಾವ' ಅಂದ. ಬುಟ್ಟಿ ಖಾಲಿಯಾಯಿತು, ನನಗೆ ಮೈಯುರಿಯಿತು. ಮುಂದೆ ಬಂದ ನೂಡಲ್ಸಿಗೂ ನನ್ನ ಬಾಯಿ 'ಸಾಕು' ಅಂದೇಬಿಟ್ಟಿತು. ಹುಡುಗ ಅದಕ್ಕೂ ಬೇಕು ಅಂದ. ನಾಚಿಕೆಯಿಲ್ಲದ ಇಂಥವನಿಗೆ ಮಗಳನ್ನು ಕೊಡುವುದೇ? ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡೆ: 'ಮನ್ಯಾಗ ಹಿರ್ಯಾರನ್ನ ಕೇಳಿ ಹೇಳ್ತೀವ್ರಿ.' ನಮ್ಮಲ್ಲಿ ಇದಕ್ಕೆ ಬೇಡ ಎಂದೇ ಅರ್ಥ.

ಅಷ್ಟರಲ್ಲಿ ಹುಡುಗನ ತಾಯಿ ನೇರವಾಗಿ ಮಗಳನ್ನೇ ಕೇಳಿಬಿಟ್ಟರು: 'ಏನವಾ ಅಶ್ವಿನಿ, ನಮ್ಮ ಹುಡುಗ ಮನಸಿಗಿ ಬಂದಾನೇನ?' ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಮಗಳು ತಲೆಯೆತ್ತಿ, 'ಬಂದಾರ್ರಿ. ನನಗ ಒಪ್ಪಿಗಿ ಐತಿ' ಅಂದಳು. ಒಂದೇ ಮಾತಿಗೆ! ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮರಳಿ ನಮ್ಮೂರು ಹುಕ್ಕೇರಿಗೆ ಬರುವಾಗ ಕಾರು ನಡೆಸುತ್ತಿದ್ದವಳು ಮಗಳೇ. 'ಅಷ್ಟ ಗಡಿಬಿಡಿ ಯಾಕಿತ್ತವಾ? ಮಂದಿ ಏನಂದಾರು?' ಅಂದೆ.

'ಅಪ್ಪಾ, ನೀ ಸಾಕು ಅಂದಿ, ಬುಟ್ಟಿ ಹೋತು. ನಾನೂ ಹಂಗ ಅಂದಿದ್ರ ಹುಡುಗನೂ ಹೋಗ್ತಿದ್ದ.'

ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಹೆದ್ದಾರಿಯ ಬದಿ ಖಾನಾವಳಿಯೊಂದು ಕಂಡಾಗ ಮಗಳು ಗಾಡಿ ನಿಧಾನ ಮಾಡಿ, 'ಏನರೆ ಉಣ್ತೀಯೇನಪ್ಪಾ?' ಎಂದು ಕೇಳಿದಳು.

'ಬ್ಯಾಡ ಬಿಡವಾ' ಅಂದೆ.

ಅವಳು ಎರಡನೇ ಸಲ ಕೇಳಲಿಲ್ಲ.