ಅಕ್ಕನ ಕೈನಡುಕ ನಿವಾರಣಾ ಸಮಿತಿ

ಅಕ್ಕನ ಬಲಗೈ ನಡುಗುತ್ತದೆ ಎಂಬ ಸಂಗತಿಯನ್ನು ನಮ್ಮ ಮನೆಯವರು ನಾಲ್ಕು ಮತಗಳಿಂದ ಅವಿರೋಧವಾಗಿ ಅಂಗೀಕರಿಸಿದರು. ಅಕ್ಕನಿಗೆ ಮತವಿರಲಿಲ್ಲ. ರೋಗಿಯೇ ಮತ ಹಾಕಿದರೆ ಪಕ್ಷಪಾತವಾಗುತ್ತದೆ ಎಂದು ಚಿಕ್ಕಪ್ಪ ತೀರ್ಪಿತ್ತರು. ಮೂವತ್ತನಾಲ್ಕು ವರ್ಷ ದಾಖಲೆಗಳ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮೇಲೆ ಅವರಿಗೆ ಮನೆಯಲ್ಲಿ ಸಹಿ ಹಾಕಲು ಏನೂ ಸಿಕ್ಕಿರಲಿಲ್ಲ. ಹೀಗೆ ‘ಅಕ್ಕನ ಕೈನಡುಕ ನಿವಾರಣಾ ಸಮಿತಿ’ ಅಸ್ತಿತ್ವಕ್ಕೆ ಬಂತು. ಚಿಕ್ಕಪ್ಪ ಅಧ್ಯಕ್ಷರು, ಅಕ್ಕನ ಗಂಡ ಭಾವ ಮತ್ತು ನನ್ನ ಹೆಂಡತಿ ಸದಸ್ಯರು, ನಾನು ಕಾರ್ಯದರ್ಶಿ.

ಇದು ಪಾರ್ಕಿನ್ಸನ್ ಕಾಯಿಲೆ, ಪೂರ್ತಿ ಹೋಗುವಂಥದ್ದಲ್ಲ, ಆದರೆ ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ ಎಂದು ನರರೋಗದ ಡಾಕ್ಟರು ಹೇಳಿದ್ದರು. ಸಮಿತಿ ಈ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಗಮನಿಸಿತು. ಗುಳಿಗೆ ಮನೆಮದ್ದಲ್ಲವಾದ್ದರಿಂದ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ರೋಗಿ ಅದನ್ನು ನುಂಗಬಹುದು, ನಡಾವಳಿಯಲ್ಲಿ ನಮೂದಿಸುವಂತಿಲ್ಲ ಎಂದು ನಿರ್ಣಯವಾಯಿತು.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೊದಲ ಸಭೆಯಲ್ಲೇ ಅವಳ ದೊಡ್ಡ ಕತ್ತರಿಯನ್ನು ಮುಟ್ಟುಗೋಲು ಹಾಕಿಕೊಂಡು ಚಿಕ್ಕಪ್ಪನ ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ಸಮಿತಿಯಿಂದ ಗುಣಮುಖ ಪ್ರಮಾಣಪತ್ರ ಸಿಕ್ಕ ಮೇಲೆಯೇ ವಾಪಸು.

“ಕತ್ತರಿ ಇಲ್ದೆ ನಾನೇನ್ ಮಾಡ್ಲಿ ಚಿಕ್ಕಪ್ಪ? ಇಪ್ಪತ್ತಾರು ವರ್ಷದಿಂದ ಮಾಡ್ತಿರೋದು ಅದೊಂದೇ ಕೆಲಸ,” ಎಂದಳು ಅಕ್ಕ.

“ಅದನ್ನೇ ಬರವಣಿಗೆಯಲ್ಲಿ ಕೊಡಮ್ಮ,” ಎಂದರು ಚಿಕ್ಕಪ್ಪ.

ಅಕ್ಕ ಕೊಟ್ಟಳು. ಅವಳ ಸಹಿ ಕಾಗದದ ಮೇಲೆ ಶುರುವಾಗಿ ಮೇಜಿನ ಮೇಲೆ ಮುಗಿಯಿತು. ಅದನ್ನೇ ರೋಗಿಯ ಮಾದರಿ ಸಹಿಯೆಂದು ದಾಖಲಿಸಿಕೊಂಡು, ಮುಂದಿನ ಆದೇಶದವರೆಗೆ ಮೇಜು ಒರೆಸಕೂಡದೆಂದು ಸುತ್ತೋಲೆ ಹೊರಡಿಸಲಾಯಿತು. ಬರಿಗೈಯಲ್ಲಿ ಅಂಗಡಿಗೆ ಹೋಗಿ ಕೂತ ಅಕ್ಕನನ್ನು ನೋಡಿ ನನಗೆ ಕರುಳು ಚುರುಕ್ಕೆಂದಿತು. ಆದರೆ ಕಾರ್ಯದರ್ಶಿಯ ಕರುಳಿನ ಅಭಿಪ್ರಾಯ ಬರೆಯಲು ನಡಾವಳಿಯಲ್ಲಿ ಅವಕಾಶವಿಲ್ಲ.

ಚಿಕಿತ್ಸೆ ಭರದಿಂದ ಸಾಗಿತು. ಭಾವ ಅಯಸ್ಕಾಂತದ ಬಳೆ ತಂದು ತೊಡಿಸಿದರು. ಅಂಗಡಿಯ ಗುಂಡುಸೂಜಿಗಳೆಲ್ಲ ಬಂದು ಅದಕ್ಕೆ ಅಂಟಿಕೊಂಡವು. ಬಳೆ ಕೆಲಸ ಮಾಡುತ್ತಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಭಾವ ಕೇಳಿದರು, ಯಾರೂ ಬೇಕೆನ್ನಲಿಲ್ಲ. ಬೆಳಗ್ಗೆ ಆರೂವರೆಗೆ ಪಾದಗಳನ್ನು ಬಿಸಿನೀರಿನಲ್ಲಿ ಇಡಬೇಕೆಂದು ನನ್ನ ಹೆಂಡತಿ, ತಣ್ಣೀರಿನಲ್ಲೇ ಇಡಬೇಕೆಂದು ಭಾವ ಪಟ್ಟು ಹಿಡಿದರು. ಸುದೀರ್ಘ ಚರ್ಚೆಯ ನಂತರ ಬಲಗಾಲನ್ನು ನನ್ನ ಹೆಂಡತಿಗೂ ಎಡಗಾಲನ್ನು ಭಾವನಿಗೂ ಮಂಜೂರು ಮಾಡಲಾಯಿತು. ಚಿಕ್ಕಪ್ಪನ ಪಾಲಿನ ಚಿಕಿತ್ಸೆಯೆಂದರೆ ಕಿಟಕಿ ಬಳಿ ನಿಂತು ಇಪ್ಪತ್ತು ನಿಮಿಷ ಗುಂಯ್‌ಗುಡುವುದು. ಅಕ್ಕ ಮನಸ್ಸಿಟ್ಟು ಗುಂಯ್‌ಗುಟ್ಟಿದಳು. ಹೊಲಿಗೆ ಯಂತ್ರ ಮತ್ತೆ ಶುರುವಾಯಿತೆಂದು ಪಕ್ಕದ ಮನೆಯವರು ಬಟ್ಟೆ ತಂದು ಕೊಟ್ಟುಹೋದರು.

ಎರಡು ತಿಂಗಳಾದ ಮೇಲೆ ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿದರು. ಅಂದಿನಿಂದ ಬೆಳಗ್ಗೆ ಎಂಟಕ್ಕೆ ಗುಳಿಗೆ ನುಂಗಿದರೆ ಒಂಬತ್ತಕ್ಕೆಲ್ಲ ಅಕ್ಕನ ಕೈ ನಿಲ್ಲುತ್ತಿತ್ತು, ಮಧ್ಯಾಹ್ನದವರೆಗೆ ಹೇಳಿದ ಮಾತು ಕೇಳುತ್ತಿತ್ತು. ಒಂದು ದಿನ ಹತ್ತು ಗಂಟೆಗೆ ಅವಳು ಗುಣಮುಖ ಪ್ರಮಾಣಪತ್ರಕ್ಕೆ ಅರ್ಜಿ ಬರೆದು ಮುದ್ದಾಗಿ ಸಹಿ ಹಾಕಿದಳು. ಚಿಕ್ಕಪ್ಪ ಭೂತಗನ್ನಡಿ ಹಿಡಿದು ಅರ್ಜಿಯನ್ನೂ ಮೇಜನ್ನೂ ನೋಡಿದರು.

“ಸಹಿ ತಾಳೆ ಆಗ್ತಿಲ್ಲ. ಅರ್ಜಿದಾರರು ರೋಗಿ ಅಲ್ಲ.”

“ಚಿಕ್ಕಪ್ಪ, ನಾನೇ. ನೀವು ಎತ್ತಿ ಆಡಿಸಿದ ಮಗು.”

“ನನಗೆ ಗೊತ್ತಮ್ಮ. ಕಡತಕ್ಕೆ ಗೊತ್ತಿಲ್ಲವಲ್ಲ.”

ಮರುದಿನ ಆರು ಗಂಟೆಗೆ, ಗುಳಿಗೆಗೆ ಮುಂಚೆ, ಅಕ್ಕ ಮತ್ತೆ ಸಹಿ ಹಾಕಿದಳು. ಈ ಸಲ ಅದು ಮಾದರಿಯಂತೆಯೇ ಮೇಜಿಗಿಳಿಯಿತು. ಅರ್ಜಿದಾರಳು ರೋಗಿಯೇ ಎಂಬುದು ಸಂಶಯಾತೀತವಾಗಿ ಸಾಬೀತಾಯಿತು. ಕೈ ನಡುಗುತ್ತದೆ ಎಂಬುದೂ ಅದೇ ಸಹಿಯಿಂದ ಸಾಬೀತಾದ್ದರಿಂದ ಅರ್ಜಿ ತಿರಸ್ಕೃತವಾಯಿತು.

ಅದಾದ ಮೂರನೆಯ ದಿನ ಹತ್ತು ಗಂಟೆಗೆ, ತಾಳೆಯಾಗದ ಅದೇ ಮುದ್ದಾದ ಸಹಿಯೊಂದಿಗೆ, ಸಮಿತಿಗೆ ಹೊಸ ಅರ್ಜಿ ಬಂತು: “ಮಾನ್ಯರೇ, ತಮ್ಮ ಕಡತದಲ್ಲಿರುವ ರೋಗಿ ನಾನಲ್ಲವೆಂದು ತಾವೇ ತೀರ್ಮಾನಿಸಿದ್ದೀರಿ. ನನಗೆ ಹೊಲಿಗೆ ಬರುತ್ತದೆ. ರೋಗಿಯ ಅಂಗಡಿಯಲ್ಲಿ ದರ್ಜಿ ಇಲ್ಲವೆಂದು ತಿಳಿಯಿತು. ನನ್ನನ್ನು ನೇಮಿಸಿಕೊಳ್ಳಬೇಕಾಗಿ ವಿನಂತಿ.”

ಚಿಕ್ಕಪ್ಪ ಅರ್ಜಿಯನ್ನು ಮೂರು ಸಲ ಓದಿ, ಎಲ್ಲೂ ಲೋಪವಿಲ್ಲ ಎಂದರು. ಆ ಕ್ಷಣದಿಂದ ಅವರು ಅಕ್ಕನಿಗೆ ‘ನೀವು’ ಎನ್ನತೊಡಗಿದರು.

“ಸಮಿತಿಯ ಸದಸ್ಯರಲ್ಲಿ ಯಾರಾದ್ರೂ ನಿಮಗೆ ಪರಿಚಯವೇ?”

ಅಕ್ಕ ಭಾವನ ಕಡೆ ನೋಡಿದಳು. “ಇವರ ಮುಖಪರಿಚಯ ಇದೆ.”

“ಒಳ್ಳೇ ಮನೆತನದವರ ಹಾಗೆ ಕಾಣ್ತಾರೆ,” ಎಂದು ಭಾವ ಶಿಫಾರಸು ಮಾಡಿದರು.

ನೇಮಕವಾಯಿತು. ಕಪಾಟಿನ ಬೀಗ ತೆಗೆದು ಕತ್ತರಿಯನ್ನು ಹೊಸ ದರ್ಜಿಗೆ ಒಪ್ಪಿಸಲಾಯಿತು. ಅವಳು ಅದನ್ನು ತೆರೆದು, ಮುಚ್ಚಿ, ಆ ಸದ್ದು ಕೇಳಿಸಿಕೊಂಡು ನಕ್ಕಳು. ಅಷ್ಟು ಸಂತೋಷ ಆ ವರ್ಷ ನನಗೆ ಇನ್ಯಾವುದರಿಂದಲೂ ಆಗಿರಲಿಲ್ಲ.

ಈಗ ವ್ಯವಸ್ಥೆ ಸುಸೂತ್ರವಾಗಿದೆ. ಬೆಳಗ್ಗೆ ಎಂಟರವರೆಗೆ ರೋಗಿ ಎರಡು ಬಕೆಟ್‌ಗಳಲ್ಲಿ ಕಾಲಿಟ್ಟು ಕೂರುತ್ತಾಳೆ. ಒಂಬತ್ತಕ್ಕೆ ದರ್ಜಿ ಬರುತ್ತಾಳೆ. ಸಿಬ್ಬಂದಿ ಒಳಬಾಗಿಲಿಂದ ಬರುವಂತಿಲ್ಲವಾದ್ದರಿಂದ ಹಿತ್ತಲಿಂದ ಹೊರಟು ಮನೆಯನ್ನು ಬಳಸಿಕೊಂಡು ಬರುತ್ತಾಳೆ. ಇದರಿಂದ ಅವಳಿಗೆ ನಡಿಗೆಯೂ ಆಗುತ್ತದೆ. ಮಧ್ಯಾಹ್ನ ಗುಳಿಗೆಯ ಪ್ರಭಾವ ಇಳಿದಾಗ ದರ್ಜಿಗೆ ವಿರಾಮ, ರೋಗಿಗೆ ಗುಂಯ್‌ಗುಡುವ ಸಮಯ. ಗಿರಾಕಿಗಳೂ ಹೊಂದಿಕೊಂಡಿದ್ದಾರೆ. ಹಳೆಯವಳಿಗಿಂತ ಇವಳ ಕೈ ಚೆನ್ನಾಗಿದೆ ಎಂದು ಕೆಲವರು ಹೇಳಿದ್ದರಿಂದ ರೋಗಿಗೆ ಸ್ವಲ್ಪ ಬೇಸರವಾಗಿದೆ.

ಮೊನ್ನೆ ಚಿಕ್ಕಪ್ಪ ಅಂಗಿಯ ಅಳತೆ ಕೊಡಲು ಅಂಗಡಿಗೆ ಹೋಗಿದ್ದರು. ಅಕ್ಕ ಟೇಪು ಹಿಡಿದು ನಿಂತಾಗ ಅವಳ ಕೈಯನ್ನೇ ನೋಡುತ್ತ ಅವರ ಕಣ್ಣು ತುಂಬಿ ಬಂತು.

“ನನ್ನ ಅಣ್ಣನ ಮಗಳೊಬ್ಬಳಿದ್ದಾಳೆ. ಅವಳ ಕೈಯೂ ನಿಮ್ಮ ಕೈ ಹಾಗೆ ಆದ್ರೆ ಸಾಕಮ್ಮ, ಸಮಿತಿಗೆ ಇನ್ನೇನೂ ಬೇಡ.”

“ನಾನೂ ಅವಳಿಗೆ ಅದನ್ನೇ ಹೇಳ್ತಿರ್ತೀನಿ, ಸರ್,” ಎಂದಳು ಅಕ್ಕ. “ತೋಳು ಸ್ವಲ್ಪ ಎತ್ತಿ.”