ಒಂದು ಹನಿಯೂ ಸೋರದ ದೋಣಿ

ಎಲ್ಲಕ್ಕೂ ಕಾರಣ ಒಂದೇ ಒಂದು ರಿವೆಟ್. ದೋಣಿಯ ತಳದಲ್ಲಿ, ಹಿಂಬದಿಯ ಹಲಗೆಯ ಕೆಳಗೆ, ಕಡಲೆಕಾಳಿನಷ್ಟು ದಪ್ಪದ ಆ ರಿವೆಟ್ ಬೆರಳಿಟ್ಟರೆ ಹಾಲುಹಲ್ಲಿನಂತೆ ಅಲುಗಾಡುತ್ತಿತ್ತು.

ದೋಣಿಯ ಯಜಮಾನರನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಎನ್‌ಕ್ವೈರಿ ಎಂದು. ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಸುಸ್ತಾದ ಮನುಷ್ಯ. ಕೆರೆಯ ನಟ್ಟನಡುವೆ ಗಾಳ ಬಿಟ್ಟುಕೊಂಡು, ಯಾರ ಬಾಯಿಗೂ ಸಿಗದೆ ಒಂದು ಸಂಜೆ ಸುಮ್ಮನೆ ಕೂರಬೇಕೆಂಬುದು ಅವರ ಆಸೆ. ಅದಕ್ಕಾಗಿಯೇ ಗುಜರಿಯಿಂದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ತಂದು, ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ಕೂರಿಸಿ, ಎಂಟು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ಬಣ್ಣ ಕೆರೆದಿದ್ದರು, ನೆಗ್ಗಿದ ಕಡೆ ಮರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಿದ್ದರು, ಆಫೀಸಿನವರು ಹೊರಗೆಸೆದ ತಿರುಗುವ ಕುರ್ಚಿಯನ್ನು ನಡುಹಲಗೆಗೆ ಬೋಲ್ಟ್ ಹಾಕಿ ಬಿಗಿದಿದ್ದರು. ಇವತ್ತು ಸಂಜೆ ಐದಕ್ಕೆ ಟೆಂಪೋ ಬಂದು ದೋಣಿಯನ್ನು ಕೆರೆಗೆ ಒಯ್ಯುವುದಿತ್ತು. ಉಳಿದದ್ದು ಈ ರಿವೆಟ್ ಒಂದೇ. ಹತ್ತು ನಿಮಿಷದ ಕೆಲಸ.

ಆದರೆ ಸುತ್ತಿಗೆಯ ಮೊದಲ ಏಟಿಗೇ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ತಲೆ ಮೂಡಿತು.

"ಒಂದು ಸಡಿಲ ಆಗಿದೆ ಅಂದ್ರೆ ಇನ್ನೂ ಎಷ್ಟು ಸಡಿಲ ಆಗಿವೆಯೋ! ದೋಣಿಗೆ ನೀರು ತುಂಬಿಸಿ ನೋಡ್ರೀ. ಎಲ್ಲಿ ತೊಟ್ಟಿಕ್ಕುತ್ತೋ ಅಲ್ಲಿ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕ್ತೀನಿ."

"ಮೇಷ್ಟ್ರೇ, ನೀರಲ್ಲಿ ದೋಣಿ ಇರ್ಬೇಕು. ದೋಣೀಲಿ ನೀರಲ್ಲ."

"ಒಳಗಿನ ನೀರು ಹೊರಗೆ ಹೋಗೋ ದಾರೀಲೇ ಹೊರಗಿನ ನೀರು ಒಳಗೆ ಬರೋದು. ಯೋಚ್ನೆ ಮಾಡಿ."

ಎನ್‌ಕ್ವೈರಿಯವರು ಯೋಚಿಸಿದರು. ಮಾತು ಸರಿಯಾಗಿಯೇ ಇತ್ತು. ಆಗಾಗ ಸರಿಯಾಗಿ ಮಾತಾಡಿಬಿಡುವುದೇ ಮೇಷ್ಟ್ರಲ್ಲಿದ್ದ ಸಹಿಸಲಾಗದ ಗುಣ.

ಉದ್ದನೆಯ ಪೈಪು ಇದ್ದದ್ದು ಎದುರುಮನೆಯ ಟೈಲರ್ ಹತ್ತಿರ. ಟೈಲರ್ ಪೈಪು ಕೊಡುವ ಮೊದಲು ಟೇಪು ಹಿಡಿದು ಬಂದ. "ಆ ಕುರ್ಚಿಗೆ ಒಂದು ಮೆತ್ತೆ ಹೊಲಿದುಕೊಡ್ತೀನಿ ಸಾರ್. ಬೇಡ ಅನ್ಬೇಡಿ. ಸ್ವಲ್ಪ ತಿರುಗಿ ನಿಂತ್ಕೊಳ್ಳಿ." ತಿರುಗಿ ನಿಂತರು. ಇವರ ಹಿಂಭಾಗದ ಸುತ್ತಳತೆಯನ್ನು ಟೈಲರ್ ಒಳಗಿದ್ದ ತನ್ನ ಹೆಂಡತಿಗೆ ಬರೆದುಕೊಳ್ಳಲು ಕೂಗಿ ಹೇಳಿದ. ಬೀದಿಗೆಲ್ಲ ಕೇಳಿಸಿತು. ಯಾರೋ "ಎಷ್ಟು?" ಎಂದರು. ಇನ್ನೊಮ್ಮೆ ಕೂಗಿದ.

ಪೈಪು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರೆ, ಭಾವಮೈದುನ ದೋಣಿಯೊಳಗೆ ಮಂಡಿಯೂರಿ ಬೆವರು ಒರೆಸಿಕೊಳ್ಳುತ್ತಿದ್ದ. ತಳದ ತುಂಬ ಹೊಸ ಪ್ಲೈವುಡ್, ಅದರ ಮೇಲೆ ಹಸಿರು ಕಾರ್ಪೆಟ್.

"ಹೇಗಿದೆ ಭಾವ? ಬರೀ ತಗಡಿನ ಮೇಲೆ ಓಡಾಡಿದ್ರೆ ಸದ್ದಿಗೆ ಮೀನೆಲ್ಲ ಓಡಿಹೋಗ್ತವೆ. ಗಟ್ಟಿಯಾಗಿರ್ಲಿ ಅಂತ ಹನ್ನೊಂದು ಸ್ಕ್ರೂ ಹೊಡೆದಿದೀನಿ."

ಎನ್‌ಕ್ವೈರಿಯವರು ಹೆಂಡತಿಯ ಮುಖ ನೋಡಿದರು. ಆಕೆ ತಮ್ಮನ ಮುಖವನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಇವರು ಪೈಪನ್ನು ದೋಣಿಗೆ ಬಿಟ್ಟು ನಲ್ಲಿ ತಿರುಗಿಸಿದರು.

ನೀರು ಮೊಣಕಾಲುದ್ದ ಏರುವಷ್ಟರಲ್ಲಿ ದೋಣಿಯ ಕೆಳಗಿನಿಂದ ಮೇಷ್ಟ್ರ ದನಿ ಬಂತು. "ಇಲ್ಲೊಂದು... ಇಲ್ಲೊಂದು... ಅಯ್ಯೋ, ಸೀಮೆಸುಣ್ಣ ಸಾಲಲ್ಲ ಕಣ್ರೀ!"

ಬಗ್ಗಿ ನೋಡಿದರೆ ತಳದ ಉದ್ದಕ್ಕೂ ಸ್ಕ್ರೂಗಳ ಮೊನೆಗಳು ಹೊರಗೆ ಇಣುಕುತ್ತಿದ್ದವು. ಒಂದೊಂದರ ತುದಿಯಲ್ಲೂ ನೀರು, ನೆಗಡಿಯಾದ ಹನ್ನೊಂದು ಮೂಗುಗಳಂತೆ.

"ಸ್ಕ್ರೂ ಎಷ್ಟುದ್ದ ಇತ್ತು?"

"ಎರಡಂಗುಲ ಭಾವ."

"ಪ್ಲೈವುಡ್ ಎಷ್ಟು ದಪ್ಪ?"

"ಅರ್ಧ ಅಂಗುಲ." ಭಾವಮೈದುನ ಒಂದು ಕ್ಷಣ ಲೆಕ್ಕ ಹಾಕಿದ. "ಇರಿ, ಬಿಚ್ಚಿಬಿಡ್ತೀನಿ!"

"ಬೇಡ, ನೀರಿಳೀಲಿ..." ಎನ್ನುವಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿದು ನೀರಿಗೆ ಕೈಹಾಕಿ ಒಂದು ಸ್ಕ್ರೂ ಬಿಚ್ಚಿ ಎಳೆದೇಬಿಟ್ಟ. ಧಾರೆಯೊಂದು ನೇರವಾಗಿ ಮೇಷ್ಟ್ರ ಬಾಯಿಗೆ ಹೋಯಿತು. ಮೇಷ್ಟ್ರು ಗಾಬರಿಯಿಂದ ಎದ್ದರು. ತಲೆ ದೋಣಿಗೆ ಬಡಿದು ಗಂಟೆ ಹೊಡೆದಂತಾಯಿತು. ಆ ಸದ್ದಿಗೆ, ಅಷ್ಟು ಹೊತ್ತು ಗೇಟಿನ ಹೊರಗೆ ನಿಂತು ನೋಡುತ್ತಿದ್ದ ಬೀದಿಯವರೂ ಒಳಗೆ ಬಂದರು.

"ವೆಲ್ಡಿಂಗ್ ಮಾಡ್ಸಿ."

"ವೆಲ್ಡಿಂಗ್‌ಗೆ ತಗಡು ಸೊಟ್ಟ ಆಗುತ್ತೆ. ಡಾಂಬರು ಬಳೀರಿ."

"ಮಾರಿಬಿಡಿ ಸಾರ್, ತಲೆನೋವು."

ಅಂದೇ ಮೊದಲ ಬಾರಿಗೆ ಎನ್‌ಕ್ವೈರಿಯವರ ದನಿ ಏರಿತು. "ಎಲ್ರೂ ಹೊರಗೆ! ಮೇಷ್ಟ್ರೇ, ನೀವೂ! ನೀನಂತೂ ಮೊದಲು ಹೋಗಪ್ಪಾ!"

ಗೇಟಿಗೆ ಬೀಗ ಬಿತ್ತು.

ದೋಣಿಯ ತಳದ ಬೂಚು ತೆಗೆದು ನೀರು ಬಿಟ್ಟರು. ಕಾರ್ಪೆಟ್ ಹರಿದರು, ಪ್ಲೈವುಡ್ ಕಿತ್ತರು, ತಳವನ್ನು ಒರೆಸಿ ಒಣಗಿಸಿದರು. ಹನ್ನೊಂದು ತೂತುಗಳಿಗೂ ಆ ಹಾಳು ರಿವೆಟ್ಟಿನ ಜಾಗಕ್ಕೂ ಸೋರಿಕೆ ತಡೆಯುವ ಪೇಸ್ಟು ಹಚ್ಚಿ ಹೊಸ ರಿವೆಟ್ ತೊಡಿಸಿದರು. ಒಳಗಿನಿಂದ ಹೆಂಡತಿ ಕಬ್ಬಿಣದ ಗಟ್ಟಿಯನ್ನು ಒತ್ತಿಹಿಡಿದಳು. ಹೊರಗಿನಿಂದ ಇವರು ಬಡಿದರು. ಊಟವಿಲ್ಲ, ಮಾತಿಲ್ಲ. "ಅವನು ಒಳ್ಳೇದಕ್ಕೇ ಮಾಡಿದ್ದು," ಎಂದು ಹೆಂಡತಿ ಒಮ್ಮೆ ಹೇಳಿದಳು. ಆ ರಿವೆಟ್ಟಿಗೆ ನಾಲ್ಕು ಏಟು ಹೆಚ್ಚಿಗೆ ಬಿತ್ತು.

ನಾಲ್ಕು ಗಂಟೆಗೆ ಮತ್ತೆ ನೀರು ತುಂಬಿಸಿದರು. ಈ ಸಲ ಇನ್ನೂ ಒಂದು ಗೇಣು ಮೇಲಕ್ಕೇ. ದೋಣಿಯ ಕೆಳಗೆ ಹಳೆಯ ದಿನಪತ್ರಿಕೆ ಹರಡಿ ಅದನ್ನೇ ನೋಡುತ್ತ ಅರ್ಧ ಗಂಟೆ ಕೂತರು. ಪತ್ರಿಕೆ ಗರಿಗರಿಯಾಗಿಯೇ ಉಳಿಯಿತು. ಒಂದೇ ಒಂದು ಹನಿ ಇಲ್ಲ! ಅವರಿಗೆ ಕಣ್ಣು ತುಂಬಿ ಬಂತು.

ಬೂಚಿಗೆ ಕೈಹಾಕಬೇಕು, ಅಷ್ಟರಲ್ಲಿ ಬೀದಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. "ಸಾರ್ವಜನಿಕರಲ್ಲಿ ವಿನಂತಿ. ತುರ್ತು ಕಾರಣದಿಂದ ನಾಲ್ಕು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ..."

ಬೀದಿಯವರೆಲ್ಲ ಬಾಗಿಲಿಗೆ ಬಂದರು. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೇ ಅಂಗಳದ ಕಡೆ ತಿರುಗಿದವು. ಎರಡೇ ನಿಮಿಷದಲ್ಲಿ ಗೇಟಿನ ಮುಂದೆ ಬಿಂದಿಗೆ, ಬಕೆಟ್ಟುಗಳ ಸಾಲು. ಎಲ್ಲರಿಗಿಂತ ಮುಂದೆ, ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಮೇಷ್ಟ್ರು.

"ಚೆಲ್ಲಬೇಡಿ ಎನ್‌ಕ್ವೈರಿ! ಪಾತ್ರೆ ತೊಳೆಯೋಕಾದ್ರೂ ಆಗುತ್ತೆ."

ಗೆದ್ದ ಖುಷಿಯಲ್ಲಿ ಅವರ ಮನಸ್ಸು ಮೆತ್ತಗಾಗಿತ್ತು. ಬೀಗ ತೆಗೆದರು. "ಎಲ್ಲಾ ತಗೊಂಡು ಹೋಗಿ. ಬೇಗ ಖಾಲಿ ಆಗ್ಲಿ, ನಂಗೂ ಹೊರಡ್ಬೇಕು."

ಐದಕ್ಕೆ ಸರಿಯಾಗಿ ಟೆಂಪೋ ಬಂತು. ಡ್ರೈವರ್ ಇಳಿದು ಸಾಲನ್ನು ನೋಡಿದ, ದೋಣಿಯನ್ನು ನೋಡಿದ, ತಲೆ ಕೆರೆದುಕೊಂಡ.

"ಎಲ್ಲಿಗೆ ಅಂದ್ರಿ ಸಾರ್? ಕೆರೆಗಾ?"

"ಹೂಂ, ಇನ್ನೆಲ್ಲಿಗೆ?"

"ನಲ್ಲಿ ನೀರು ಯಾಕೆ ನಿಂತಿದ್ದು ಅಂದ್ಕೊಂಡ್ರಿ? ಮಧ್ಯಾಹ್ನ ಕೆರೆ ಕಟ್ಟೆ ಒಡೆದು, ಪಕ್ಕದಲ್ಲಿದ್ದ ಊರಿನ ನೀರಿನ ಪೈಪೂ ಕೊಚ್ಚಿಹೋಯ್ತು ಸಾರ್. ನೀರೆಲ್ಲ ಹರಿದುಹೋಗಿ ಬರೀ ಕೆಸರು. ಜನ ಮೀನನ್ನ ಕೈಯಲ್ಲೇ ಹಿಡ್ಕೊಂಡು ಹೋಗ್ತಿದಾರೆ. ಇನ್ನು ಕಟ್ಟೆ ಕಟ್ಟಿ, ಮಳೆ ಬಂದು ತುಂಬೋ ಹೊತ್ತಿಗೆ ಎರಡು ವರ್ಷ."

ಮೇಷ್ಟ್ರು ಬಿಂದಿಗೆ ಕೆಳಗಿಟ್ಟು, "ಹಾಗಾದ್ರೆ ಸದ್ಯಕ್ಕೆ ಊರಲ್ಲಿ ಉಳಿದಿರೋ ನೀರು ಅಂದ್ರೆ..." ಎಂದು ಶುರುಮಾಡಿದವರು ಎನ್‌ಕ್ವೈರಿಯವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಎನ್‌ಕ್ವೈರಿಯವರು ಪ್ಯಾಂಟನ್ನು ಮಂಡಿಯವರೆಗೆ ಮಡಚಿದರು. ಗಾಳದ ಕೋಲು ಎತ್ತಿಕೊಂಡರು. ಇಟ್ಟಿಗೆಯ ಮೇಲೆ ಹೆಜ್ಜೆಯಿಟ್ಟು ದೋಣಿ ಹತ್ತಿ, ತಿರುಗುವ ಕುರ್ಚಿಯಲ್ಲಿ ಕೂತು, ಜನರಿಗೆಲ್ಲ ಬೆನ್ನು ಮಾಡಿ, ನೀರಿನಲ್ಲಿ ಕಾಲಿಳಿಬಿಟ್ಟು ಕಣ್ಣು ಮುಚ್ಚಿದರು.

ಸಾಲಿನಲ್ಲಿ ಗುಸುಗುಸು ಎದ್ದಿತು. ಆಮೇಲೆ, ತೀರಾ ಹತ್ತಿರದಿಂದ, ಕೊಡ ಹಿಡಿದು ನಿಂತ ಹೆಂಡತಿಯ ದನಿ:

"ರೀ, ಹತ್ತೋದಕ್ಕೆ ಮುಂಚೆ ಕಾಲು ತೊಳ್ಕೊಂಡ್ರಾ?"