ಖಲಂದರನ ಬಿಳಿ ಜುಬ್ಬಾ

ಎಲ್ಲಕ್ಕೂ ಕಾರಣ ಬುಡೇನ್ ಮಾಮು ರಿಯಾದ್‌ನಿಂದ ತಂದಿದ್ದ ಬಿಳಿ ಜುಬ್ಬಾ.

ಚನ್ನಗಿರಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಖಲಂದರ್ ಅವತ್ತು ಹೆಣ್ಣು ನೋಡಲು ನ್ಯಾಮತಿಗೆ ಹೊರಟಿದ್ದ. ಜೀನ್ಸ್ ಏರಿಸಿಕೊಂಡು ಬಂದವನನ್ನು ಮಾಮು ಬಾಗಿಲಲ್ಲೇ ತಡೆದರು.

“ಹುಡುಗಿ ಅಪ್ಪ ರಹಮತುಲ್ಲಾ ಐದು ಹೊತ್ತು ನಮಾಜಿ. ಈ ಹರಕು ಪ್ಯಾಂಟಲ್ಲಿ ಹೋದ್ರೆ ಚಾ ಸೈತ ಕೊಡಲ್ಲ.”

“ನಮ್ಮಪ್ಪ ಸಾಯೋತಂಕ ಲುಂಗಿಲೇ ನಮಾಜ್ ಮಾಡಿದ್ರಲ್ಲ ಮಾಮು?”

“ಅದು ಆ ಕಾಲ. ಈಗ ದೂರದಿಂದ್ಲೇ ಗೊತ್ತಾಗ್ಬೇಕು.”

ಕುತ್ತಿಗೆಯಿಂದ ಹಿಮ್ಮಡಿವರೆಗೆ ಜುಬ್ಬಾ, ತಲೆಗೆ ಕೆಂಪು ಚೌಕಳಿ ರುಮಾಲು, ಮೈತುಂಬ ಅತ್ತರು. ಕನ್ನಡಿ ನೋಡಿಕೊಂಡ ಖಲಂದರನಿಗೆ ತನಗೆ ತಾನೇ ಸಲಾಂ ಹೇಳಬೇಕೆನಿಸಿತು.

ಅವನು ಬಸ್ಸು ಹತ್ತಿದ್ದೇ ತಡ, ಒಳಗಿನ ಗಲಾಟೆ ಕರೆಂಟು ಹೋದ ಮಿಕ್ಸಿಯಂತೆ ನಿಂತಿತು. ಮುದುಕ ಚಿಕ್ಕಹನುಮಂತಪ್ಪ ಎದ್ದು ಸೀಟು ಬಿಟ್ಟರು.

“ಬ್ಯಾಡ್ರಿ ಯಜಮಾನ್ರೇ, ನೀವು ಕುಂತ್ಕಳ್ರಿ.”

“ಅಬಬಬಾ! ಕನ್ನಡ ಎಷ್ಟು ಚೆಂದ ಕಲ್ತಾರೆ!”

ಪಕ್ಕದಲ್ಲಿ ಅಳುವ ಮೊಮ್ಮಗುವನ್ನು ಹಿಡಿದುಕೊಂಡಿದ್ದ ನ್ಯಾಮತಿಯ ಕಸ್ತೂರಮ್ಮ ಕೈ ಮುಗಿದರು. “ಯಾವ ದೇಶ ಸ್ವಾಮಿ ತಮ್ದು?”

“ಚನ್ನಗಿರಿ ಅಮ್ಮ.”

“ದೊಡ್ಡೋರು, ತಮಾಷೆ ಮಾಡ್ತಾರೆ.”

ಮಗು ರುಮಾಲಿನ ಕುಚ್ಚು ಹಿಡಿದು ಅಳು ನಿಲ್ಲಿಸಿತು. ಕಸ್ತೂರಮ್ಮನ ಕಣ್ಣು ಅಗಲವಾಯಿತು.

ಸಾಸ್ವೆಹಳ್ಳಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಎಷ್ಟು ಕೀಲಿ ತಿರುಗಿಸಿದರೂ ಅದು ಉಸಿರೆತ್ತಲಿಲ್ಲ. ಖಲಂದರನ ಕೈ ಸುಮ್ಮನಿರುವುದೇ? ಕೆಳಗಿಳಿದು, ಮಾಸದಂತೆ ಜುಬ್ಬಾ ಒಂದು ಕೈಯಲ್ಲಿ ಎತ್ತಿ ಹಿಡಿದು, ಬ್ಯಾಟರಿಯ ವೈರನ್ನು ಇನ್ನೊಂದು ಕೈಯಿಂದ ತಿರುವಿ ಒತ್ತಿದ. ಬಸ್ಸು ಗುಡುಗಿತು.

“ಬರೀ ಮುಟ್ಟಿದ್ರು!” ಎಂದರು ಕಸ್ತೂರಮ್ಮ, ಮೈ ಜುಮ್ಮೆಂದು.

“ಇಲ್ಲಮ್ಮ, ವೈರ್ ಸಡ್ಲ ಆಗಿತ್ತು.”

“ನೋಡಿದ್ರಾ, ಒಂಚೂರು ಜಂಬ ಐತಾ?”

ನ್ಯಾಮತಿಯಲ್ಲಿ ಕಸ್ತೂರಮ್ಮನ ಮನೆ ಹುಡುಗಿಯ ಮನೆಯೊಂದಿಗೆ ಗೋಡೆ ಹಂಚಿಕೊಂಡಿತ್ತು. ಖಲಂದರ್ ವಿಳಾಸ ಕೇಳುತ್ತಾ ಹೋಗಿ ಮುಟ್ಟುವಷ್ಟರಲ್ಲಿ ಆಕೆ ಮೊದಲೇ ಹಬ್ಬಿಸಿದ ಸುದ್ದಿಗೆ ಹುಡುಗಿಯ ಮನೆ ಅಂಗಳದ ತುಂಬ ಜನ. ಲುಂಗಿ, ಅರ್ಧ ತೋಳಿನ ಅಂಗಿಯ ರಹಮತುಲ್ಲಾ ತಲೆ ಬಾಗಿಸಿ ನಿಂತಿದ್ದರು. ಬಾಗಿಲ ಸಂದಿಯಲ್ಲಿ ಹುಡುಗಿ ಕಂಡಳು. ನಗು ತಡೆದುಕೊಂಡ ಆ ಮುಖ ನೋಡಿ ಖಲಂದರನ ಎದೆ ಹೊಸ ಗಾಡಿಯಂತೆ ಒಂದೇ ಕಿಕ್ಕಿಗೆ ಓಡತೊಡಗಿತು.

“ಚಾಚಾ, ನಾನು ಖಲಂದರ್. ಹೆಣ್ಣು ನೋಡಾಕೆ ಬಂದೀನಿ. ಗ್ಯಾರೇಜಲ್ಲಿ ಮೆಕ್ಯಾನಿಕ್.”

“ಗೊತ್ತು ಹಜ್ರತ್. ದೊಡ್ಡ ವಲಿಗಳು, ಸಂತರು ಹಿಂಗೇ ತಮ್ಮನ್ನ ಮುಚ್ಚಿಟ್ಕಂಡಿರ್ತಾರೆ.”

“ಅಲ್ಲಾಣೆ, ನಾನು ಸಾದಾ ಮನುಷ್ಯ!”

ಜನ ಇನ್ನಷ್ಟು ಭಕ್ತಿಯಿಂದ ನಿಟ್ಟುಸಿರು ಬಿಟ್ಟರು.

“ಮಾಫ್ ಮಾಡ್ರಿ ಹಜ್ರತ್, ಈ ಸಂಬಂಧ ಬ್ಯಾಡ,” ರಹಮತುಲ್ಲಾ ಎರಡೂ ಕೈ ಜೋಡಿಸಿದರು. “ನನ್ನ ಮಗಳ ಬಾಯಿ ಜೋರು. ನಾಳೆ ನಿಮ್ಮಂಥೋರ್ನ ‘ಈರುಳ್ಳಿ ಯಾಕೆ ತರ್ಲಿಲ್ಲ’ ಅಂತ ಬೈದ್ರೆ, ಆ ಪಾಪ ಹೊರಾಕೆ ನಮಗೆ ಶಕ್ತಿ ಇಲ್ಲ.”

“ಬೈಲಿ ಚಾಚಾ! ದಿನಾ ಬೈಲಿ!”

“ಎಂಥಾ ಸಹನೆ!” ಎಂದಿತು ಅಂಗಳ.

“ಅವಳಿಗೊಬ್ಬ ತಕ್ಕ ಹುಡುಗ ಬೇಗ ಸಿಗ್ಲಿ ಅಂತ ದುವಾ ಮಾಡ್ರಿ, ಅಷ್ಟು ಸಾಕು.”

ಎಲ್ಲರ ಕೈಗಳೂ ಮೇಲೆದ್ದವು. ಖಲಂದರ್ ಬೇರೆ ದಾರಿ ಕಾಣದೆ ತನ್ನವನ್ನೂ ಎತ್ತಿ ದುವಾ ಮಾಡಿದ.

ಎಲ್ಲರಿಗಿಂತ ಜೋರಾಗಿ “ಆಮೀನ್” ಎಂದವಳು ಬಾಗಿಲ ಹಿಂದಿದ್ದ ಹುಡುಗಿ.